ಬೆಟ್ಟದ ಮೇಲಣ ಬೆಳಗು

ಪುಷ್ಯಮಾಸದ ಚಳಿ ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡುತ್ತದೆಂದು ದೂರುವವರುಂಟು. ಹೊದ್ದ ಕಂಬಳಿಯನ್ನು ಬಿಟ್ಟೇಳಲು ಯಾರಿಗೂ ಮನಸ್ಸಾಗದು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ವಿಹಾರಕ್ಕೆ ಇದಕ್ಕಿಂತ ತಕ್ಕ ಕಾಲ ಮತ್ತೊಂದಿಲ್ಲ. ಮಳೆ ಹಿಂದೆ ಸರಿದಿರುತ್ತದೆ. ಬಿಸಿಲು ಇನ್ನೂ ಬಲಿತಿರುವುದಿಲ್ಲ. ಹೊಲದ ರಾಗಿ ಕಣ ಸೇರುತ್ತಿರುತ್ತದೆ. ಇಬ್ಬನಿ ಕುಡಿದ ಅವರೆಯ ಸೊಗಡು ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ಕಾವೇರಿಯ ದಂಡೆಯ ಮೇಲೆ ದನಗಳ ಜಾತ್ರೆ ನೆರೆಯುತ್ತದೆ.

ಹಿಮಾಲಯದ ಗುಲ್‌ಮಾರ್ಗ್, ಔಲಿಗಳಲ್ಲಿ ಜನರು ಚಳಿಗಾಲ ಬಂದೊಡನೆ ಕಾಲಿಗೆ ನೀಳವಾದ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾರೆ. ಈ ಸೀಮೆಯಲ್ಲಿ ಹಿಮ ಬೀಳದು. ಆದರೆ ಏರುವವರಿಗೆ ಬೆಟ್ಟಗಳಿವೆ. ಹುಣಸೂರು ತಾಲ್ಲೂಕಿನಲ್ಲಿ ಬಾಹುಬಲಿಯನ್ನು ಹೊತ್ತ ಗೊಮ್ಮಟಗಿರಿಯೆಂಬ ಬಂಡೆಗುಡ್ಡವಿದೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಸಮುದ್ರಮಟ್ಟದಿಂದ 4,300 ಅಡಿಗಳಿಗೂ ಮಿಕ್ಕು ಎತ್ತರವಾದ ಬೆಟ್ಟದಪುರದ ಬೆಟ್ಟವಿದೆ. ಅದರ ನೆತ್ತಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ. ಗುಡಿಯವರೆಗೂ ಕಲ್ಲಿನ ಮೆಟ್ಟಿಲುಗಳು.

ಒಮ್ಮೆ ಒಂದು ಶಾಲೆಯ ಮಕ್ಕಳು ಮಾಗಿಯ ಮುಂಜಾನೆ ಈ ಬೆಟ್ಟವನ್ನು ಏರತೊಡಗಿದರು. ಮೊದಲ ನೂರು ಮೆಟ್ಟಿಲುಗಳವರೆಗೆ ಹಲ್ಲು ಕಟಕಟಿಸುತ್ತಿದ್ದವು. ಇನ್ನಷ್ಟು ಏರುವುದರೊಳಗೆ ಮೈ ಬೆಚ್ಚಗಾಯಿತು; ಕಿವಿಗೆ ಸುತ್ತಿದ್ದ ವಸ್ತ್ರಗಳು ಸೊಂಟಕ್ಕೆ ಇಳಿದವು. ಅರ್ಧ ದಾರಿಯಲ್ಲಿ ಹಿಂದಿರುಗಿ ನೋಡಿದರೆ ಊರೇ ಇರಲಿಲ್ಲ! ಕೆರೆ, ತೋಟ, ಹೊಲಗಳೆಲ್ಲ ಬಿಳಿಯ ಮಂಜಿನ ಕಡಲಿನಲ್ಲಿ ಮುಳುಗಿದ್ದವು. ರಾತ್ರಿಯಲ್ಲಿ ನೆಲ ಬೇಗನೆ ತಣ್ಣಗಾಗುತ್ತದೆ. ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ತಗ್ಗಿನಲ್ಲಿಯೇ ನಿಲ್ಲುತ್ತದೆ; ಅದರೊಳಗಿನ ನೀರಾವಿ ಸಣ್ಣ ಹನಿಗಳಾಗಿ ಮಂಜಾಗುತ್ತದೆ. ಬೆಟ್ಟವನ್ನು ಏರಿದವನು ಆ ಮಂಜಿನಿಂದ ಮೇಲೆದ್ದು, ಊರಿನವರಿಗಿಂತ ಮೊದಲೇ ಸೂರ್ಯನನ್ನು ಕಾಣುತ್ತಾನೆ.

ನೆತ್ತಿಯನ್ನು ಮುಟ್ಟಿದಾಗ ಮಂಜು ಹರಿಯಿತು. ಪಡುವಣಕ್ಕೆ ಕೊಡಗಿನ ಮಲೆಗಳು ಒಂದರ ಹಿಂದೊಂದು ನೀಲಿಯಾಗಿ ನಿಂತಿದ್ದವು. ತಂದ ಬುತ್ತಿ ಬಿಚ್ಚಿತು, ಹಾಡು, ಹರಟೆಗಳಾದವು. ಇಳಿಯುವಾಗ ಹುಡುಗನೊಬ್ಬನಿಗೆ ಹೊಸ ಆಟವೊಂದು ಹೊಳೆಯಿತು. ಇಳಿಜಾರಿನ ಅಂಚಿನಲ್ಲಿ ಅಲುಗಾಡುತ್ತಿದ್ದ ಗುಂಡುಕಲ್ಲೊಂದಕ್ಕೆ ಬೆನ್ನು ಕೊಟ್ಟು ನೂಕತೊಡಗಿದನು. ಇನ್ನಿಬ್ಬರು ಕೈ ಸೇರಿಸಿದರು. ಅದು ಹುಲ್ಲನ್ನು ಸೀಳಿಕೊಂಡು ಉರುಳುವ ಸದ್ದನ್ನು ಕೇಳಲು ಉಳಿದವರೆಲ್ಲ ಉಸಿರು ಬಿಗಿಹಿಡಿದಿದ್ದರು.

ಅಷ್ಟರಲ್ಲಿ ಸೌದೆಯ ಹೊರೆ ಹೊತ್ತ ಮುದುಕಿಯೊಬ್ಬಳು ಮೆಟ್ಟಿಲ ಬದಿಯಲ್ಲಿ ನಿಂತು, “ಬ್ಯಾಡ ಕಣ್ರಪ್ಪಾ, ಕೆಳಗೆ ನನ್ ಮೊಮ್ಮಗ ಆಡು ಮೇಯಿಸ್ತಾವ್ನೆ” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಹುಡುಗನು ಕೆಳಗೆ ಇಣುಕಿದನು. ಪೊದೆಗಳ ನಡುವೆ ಯಾರೂ ಕಾಣಿಸಲಿಲ್ಲ. ಎಲ್ಲಿಯೋ ಒಂದು ಗಂಟೆಯ ಸದ್ದು ಮಾತ್ರ ಕೇಳಿಸಿತು. ಅವನ ಕೈ ತಾನಾಗಿಯೇ ಹಿಂದಕ್ಕೆ ಬಂದಿತು.

ಒಬ್ಬರ ವಿನೋದಕ್ಕೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಮೈಸೂರು ಅರಸರ ಕಾಲದಲ್ಲಿ ಹೆಗ್ಗಡದೇವನಕೋಟೆಯ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳನ್ನು ಹಿಡಿದು ಪಳಗಿಸಿ ಕೆಲಸಕ್ಕೆ ತೊಡಗಿಸುವುದು ಅದರ ಉದ್ದೇಶವಾಗಿದ್ದಿತು. ತಮಟೆ, ಕೂಗು, ಬೆಂಕಿಗಳಿಂದ ಹಿಂಡನ್ನು ಬೆದರಿಸಿ ದಿಮ್ಮಿಗಳ ಆವರಣದೊಳಕ್ಕೆ ಕೂಡುತ್ತಿದ್ದರು. ಆ ನೋಟವನ್ನು ಸವಿಯಲು ದೇಶವಿದೇಶಗಳಿಂದ ಅತಿಥಿಗಳು ಬರುತ್ತಿದ್ದರು. ನೋಡುವವರಿಗೆ ಅದು ವೈಭವ. ಮರಿಯನ್ನು ಕಾಲುಗಳ ನಡುವೆ ಅಡಗಿಸಿಕೊಂಡು ಓಡುವ ತಾಯಿಯಾನೆಗೆ ಅದು ಜೀವಭಯ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಇಂದು ಬೇಸಗೆಯಲ್ಲಿ ಕಬಿನಿ ಜಲಾಶಯದ ದಂಡೆಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ದೂರದಿಂದಲೇ ನೋಡಿ ಹಿಂದಿರುಗುವವರ ಸಂತೋಷಕ್ಕೆ ಅದರಿಂದೇನೂ ಕೊರತೆಯಾಗಿಲ್ಲ.

ಬೆಟ್ಟವನ್ನು ಏರುವ ಸುಖದ ಹಿರಿಮೆಯೂ ಇಲ್ಲಿಯೇ ಇದೆ. ಅದರ ಬೆಲೆಯನ್ನು ಏರುವವನು ತನ್ನ ಕಾಲುಗಳಿಂದಲೇ ತೆರುತ್ತಾನೆ. ಮತ್ತೊಂದು ಜೀವದಿಂದ ಕಿತ್ತುಕೊಳ್ಳುವುದಿಲ್ಲ. ಒಣಹುಲ್ಲಿನ ಮೇಲೆ ಕಿಡಿಯನ್ನು ಬೀಳಿಸದೆ, ಬುತ್ತಿಯ ಕಾಗದವನ್ನು ಗಾಳಿಗೆ ಬಿಡದೆ ಇಳಿದು ಬಂದರೆ, ನಾಳೆ ಏರುವವನಿಗೂ ಆ ಬೆಳಗು ಅಷ್ಟೇ ಹೊಸದಾಗಿರುತ್ತದೆ.

ಬುಡವನ್ನು ತಲುಪಿದಾಗ ಪೊದೆಯ ಮರೆಯಿಂದ ಏಳೆಂಟು ಆಡುಗಳು ಹೊರಬಂದವು. ಅವುಗಳ ಹಿಂದೆ ಒಬ್ಬ ಪುಟ್ಟ ಹುಡುಗ. ಕಲ್ಲನ್ನು ನೂಕಿದ್ದವನು ತನ್ನ ಚೀಲದಲ್ಲಿ ಉಳಿದಿದ್ದ ಎಳ್ಳುಬೆಲ್ಲವನ್ನು ಅವನ ಬೊಗಸೆಗೆ ಸುರಿದು, ಒಮ್ಮೆ ತಲೆಯೆತ್ತಿ ನೋಡಿದನು. ಬಿಸಿಲಿಗೆ ಮಿನುಗುತ್ತ ಆ ಕಲ್ಲು ತನ್ನ ಸ್ಥಳದಲ್ಲಿಯೇ ಕುಳಿತಿತ್ತು.