ಮಗ್ಗದ ಮನೆಯ ಬೆಕ್ಕಿಗೆ ನೆಗಡಿ

ಮದುರೆಯಿಂದ ತೇನಿಗೆ ಹೋಗುವವರಿಗೆ ಕಣಿವೆ ದಾಟಿದ ಮೇಲೆ ಎದುರಾಗುವ ಊರು ಆಂಡಿಪಟ್ಟಿ. ಒಬ್ಬ ರೋಗಿಯ ನೆಪದಿಂದ ಈ ಊರಿನ ಹೆಸರು ಒಮ್ಮೆ ದೇಶಕ್ಕೆಲ್ಲ ತಿಳಿದದ್ದುಂಟು. 1984ರ ಚುನಾವಣೆಯಲ್ಲಿ ಎಂ.ಜಿ. ರಾಮಚಂದ್ರನ್ ಅವರು ನ್ಯೂಯಾರ್ಕಿನ ಬ್ರೂಕ್ಲಿನ್ ಆಸ್ಪತ್ರೆಯಲ್ಲಿದ್ದುಕೊಂಡೇ ಇಲ್ಲಿಂದ ಗೆದ್ದರು. ಇಂದು ಇದೇ ತಾಲ್ಲೂಕಿನ ಕ. ವಿಲಕ್ಕಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿದೆ. ದನಕರುಗಳ ಭಾಗ್ಯಕ್ಕೆ 2020ರಲ್ಲಿ ತೇನಿಯ ಸಮೀಪ ಪಶುವೈದ್ಯಕೀಯ ಕಾಲೇಜೂ ಆರಂಭವಾಯಿತು. ಆದರೆ ಬೆಕ್ಕು ಈ ಎರಡಕ್ಕೂ ಸೇರದ ಪ್ರಾಣಿ. ಮೇಕೆ ಕೆಮ್ಮಿದರೆ ಹೆಗಲ ಮೇಲೆ ಹೊತ್ತು ಓಡುವವರು, ಬೆಕ್ಕು ಸೀನಿದರೆ ಹುಲ್ಲು ತಿಂದು ತಾನೇ ವಾಸಿ ಮಾಡಿಕೊಳ್ಳುತ್ತದೆ ಎಂದು ಸುಮ್ಮನಿರುತ್ತಾರೆ.

ಒಳಗೆ ಕನ್ನಡ, ಬಾಗಿಲಾಚೆ ತಮಿಳು ಆಡುವ ನೇಕಾರರ ಮನೆಯೊಂದರಲ್ಲಿ ಹಾಗೆ ಸುಮ್ಮನಿರಲಾಗಲಿಲ್ಲ. ಆ ಬೆಕ್ಕನ್ನು ಯಾರೂ ತಂದು ಸಾಕಿದ್ದಲ್ಲ. ಗಂಜಿ ಹಾಕಿದ ಹಾಸು ನೂಲಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು, ಬಂದದ್ದಕ್ಕೆ ಅಜ್ಜಿ ಹಾಲು ಇಟ್ಟರು. ಮಗ್ಗದ ಅಡಿಯಲ್ಲಿ ಮಲಗುವ ಹಕ್ಕು ಅದಕ್ಕೆ ಏಳು ವರ್ಷಗಳಿಂದ ಇದೆ. ಐಪ್ಪಸಿ ಮಳೆ ಹಿಡಿದ ವಾರ ಅದು ಸೀನತೊಡಗಿತು. ಮರುದಿನ ಕಣ್ಣುಗಳು ಗೀಜಿನಿಂದ ಅಂಟಿಕೊಂಡವು. ಮೂರನೆಯ ದಿನ ಹಾಲಿನ ಬಟ್ಟಲಿಗೆ ಮೂತಿ ತಂದು, ಕ್ಷಣಕಾಲ ನಿಂತು, ಹಾಗೆಯೇ ತಿರುಗಿ ಹೋಯಿತು.

ಮನೆಯವರ ಮಮತೆಗೆ ಕೊರತೆಯಿರಲಿಲ್ಲ. ಅಪಾಯವಿದ್ದದ್ದು ಆ ಮಮತೆಯಲ್ಲಿಯೇ. ಮೈ ಬಿಸಿಯಾಗಿದೆಯೆಂದು ಮಗ ಜ್ವರದ ಮಾತ್ರೆಯನ್ನು ಅರ್ಧ ಮುರಿದು ಹಾಲಿನಲ್ಲಿ ಕರಗಿಸಹೊರಟನು. ಸೊಸೆ ಮಕ್ಕಳ ಎದೆಗೆ ಹಚ್ಚುವ ಮುಲಾಮನ್ನೂ, ಬಿಸಿನೀರಿಗೆ ಬಿಡಲು ನೀಲಗಿರಿ ಎಣ್ಣೆಯನ್ನೂ ತಂದಿಟ್ಟಳು. “ಮೊದಲು ಡಾಕ್ಟರ ಹತ್ತಿರ ತೋರಿಸಿ, ಆಮೇಲೆ ಏನು ಬೇಕಾದರೂ ಹಾಕಿ” ಎಂದು ಅಜ್ಜಿ ತಡೆದರು. ನೂಲಿನ ಬುಟ್ಟಿಯ ಮೇಲೆ ಬಟ್ಟೆ ಕಟ್ಟಿ ಬೆಕ್ಕನ್ನು ಪಶು ಚಿಕಿತ್ಸಾಲಯಕ್ಕೆ ಒಯ್ದರು. ಅದು ಬದುಕಿದ್ದು ಈ ಒಂದು ಮಾತಿನಿಂದ. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹು ಕಡಿಮೆ. ಉಳಿದ ವಿಷ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ. ರಕ್ತ ಪ್ರಾಣವಾಯುವನ್ನು ಹೊರಲಾರದೆ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂ ಮಾತ್ರೆಯ ಅರ್ಧವೇ ಒಂದು ಬೆಕ್ಕನ್ನು ಕೊಲ್ಲಲು ಸಾಕು. ನೀಲಗಿರಿ ಎಣ್ಣೆ, ಕರ್ಪೂರಗಳೂ ಅದಕ್ಕೆ ವಿಷವೇ. ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ನುಂಗುವ ಪ್ರಾಣಿ ಅದು.

ಚಿಕಿತ್ಸಾಲಯದಲ್ಲಿ ಔಷಧಕ್ಕಿಂತ ಮೊದಲು ನೋಂದಣಿ ಪುಸ್ತಕ ಬಂತು. ಮಾಲೀಕರು ಯಾರು ಎಂಬ ಪ್ರಶ್ನೆಗೆ ಮನೆಮಂದಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಈ ಪ್ರಶ್ನೆಗೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಉತ್ತರವಿದೆ. ಜಲ್ಲಿಕಟ್ಟಿನ ವ್ಯಾಜ್ಯದಿಂದಾಗಿ ಆ ಕಾಯ್ದೆಯ ಹೆಸರು ಈ ಸೀಮೆಯ ಚಹದಂಗಡಿಗಳಲ್ಲಿಯೂ ಕೇಳಿಬಂದದ್ದೇ. 2014ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ 3ನೆಯ ಕಲಮಿಗೆ ವಿಶೇಷ ತೂಕ ಕೊಟ್ಟಿತ್ತು. ಗೂಳಿಯ ಬಗ್ಗೆ ಅಷ್ಟು ವಾದಿಸಿದವರು ಬೆಕ್ಕಿನ ಬಗ್ಗೆ ಅದನ್ನು ಓದಿರಲಾರರು. ಆ ಕಲಮು ಹಣ ಕೊಟ್ಟು ಕೊಂಡವನು ಯಾರು ಎಂದು ಕೇಳುವುದಿಲ್ಲ. ಪ್ರಾಣಿಯ ಆರೈಕೆ ಅಥವಾ ಹೊಣೆ ಯಾರ ಕೈಯಲ್ಲಿದೆಯೋ ಅವರು ಅದರ ಕ್ಷೇಮಕ್ಕೆ ಯುಕ್ತವಾದ ಕ್ರಮಗಳನ್ನೆಲ್ಲ ಕೈಗೊಳ್ಳಬೇಕು ಎನ್ನುತ್ತದೆ. ಮಾಲೀಕ ಎಂಬ ಪದದ ವ್ಯಾಖ್ಯೆಯೂ ಆ ಹೊತ್ತಿಗೆ ಪ್ರಾಣಿಯನ್ನು ವಶದಲ್ಲಿ ಇಟ್ಟುಕೊಂಡವರನ್ನು ಒಳಗೊಳ್ಳುತ್ತದೆ. ದಿನವೂ ಹಾಲು ಇಡುವ ಕೈಗೆ ಹೊಣೆ ಅಂಟಿಕೊಂಡೇ ಬರುತ್ತದೆ. ಅಜ್ಜಿಗೆ ಕಲಮುಗಳ ಸುದ್ದಿ ಬೇಕಿರಲಿಲ್ಲ. ತಮ್ಮ ಹೆಸರನ್ನೇ ಬರೆಸಿದರು.

ಬೆಕ್ಕುಗಳ ಇಂಥ ನೆಗಡಿಗೆ ಬಹುಮಟ್ಟಿಗೆ ಕಾರಣ ಎರಡು ವೈರಸ್‌ಗಳು, ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ. ಇವುಗಳನ್ನು ಕೊಲ್ಲುವ ಮಾತ್ರೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೈಯೇ ಗೆಲ್ಲುವವರೆಗೆ, ಅಂದರೆ ಏಳು ದಿನದಿಂದ ಹತ್ತು ದಿನ, ಪ್ರಾಣಿಯನ್ನು ಕಾಯಬೇಕು. ಮೇಲೆ ಬ್ಯಾಕ್ಟೀರಿಯಾ ಸೇರಿದೆಯೆಂದು ಕಂಡಾಗ ವೈದ್ಯರು ಡಾಕ್ಸಿಸೈಕ್ಲಿನ್ ಬರೆಯುವುದುಂಟು. ಅದು ಚೀಟಿಯಿಲ್ಲದೆ ಮಾರಬಾರದ ಔಷಧ. ಬೆಕ್ಕಿಗೆ ಒಣ ಮಾತ್ರೆ ನುಂಗಿಸಿದರೆ ಗಂಟಲ ಕೆಳಗೆ ಸಿಕ್ಕಿಕೊಂಡು ಅನ್ನನಾಳವನ್ನು ಸುಡುತ್ತದೆ. ನುಂಗಿಸಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಐದಾರು ಮಿಲಿಲೀಟರ್ ನೀರನ್ನು ಬಾಯಿಯ ಬದಿಯಿಂದ ಮೆಲ್ಲಗೆ ಬಿಡಬೇಕು.

ಉಳಿದದ್ದೆಲ್ಲ ಮನೆಯ ಕೆಲಸ. ಅದರ ಮರ್ಮ ಮೂಗಿನಲ್ಲಿದೆ. ಬೆಕ್ಕು ಊಟವನ್ನು ಕಣ್ಣಿನಿಂದ ನಂಬುವುದಿಲ್ಲ, ವಾಸನೆಯಿಂದ ನಂಬುತ್ತದೆ. ಮೂಗು ಕಟ್ಟಿದರೆ ಎದುರಿಗಿರುವುದು ಆಹಾರವೆಂಬುದೇ ಅದಕ್ಕೆ ಖಾತ್ರಿಯಾಗದು. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಕೊಬ್ಬಿದ ಬೆಕ್ಕಿಗಂತೂ, ಯಕೃತ್ತಿನಲ್ಲಿ ಕೊಬ್ಬು ತುಂಬಿ ನೆಗಡಿಗಿಂತ ದೊಡ್ಡ ರೋಗ ಹಿಡಿಯಬಹುದು. ಆದ್ದರಿಂದ ಅಜ್ಜಿ ದಿನಕ್ಕೆ ನಾಲ್ಕು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಕಣ್ಣು ಮೂಗು ಒರೆಸಿದರು. ಒಂದು ಕಣ್ಣಿಗೆ ಬಳಸಿದ ಹತ್ತಿಯನ್ನು ಇನ್ನೊಂದಕ್ಕೆ ಮುಟ್ಟಿಸಲಿಲ್ಲ. ಬಚ್ಚಲುಮನೆಯ ಬಾಗಿಲು ಮುಚ್ಚಿ, ಹಂಡೆಯ ಬಿಸಿನೀರಿನ ಹಬೆ ತುಂಬಿಸಿ, ಬೆಕ್ಕನ್ನು ಮಡಿಲಲ್ಲಿ ಹಿಡಿದು ಹತ್ತು ನಿಮಿಷ ಕುಳಿತರು. ನೀರಿಗೆ ಏನನ್ನೂ ಬೆರೆಸಲಿಲ್ಲ.

ಇಷ್ಟಾದರೂ ಅದು ಹಾಲು ಮುಟ್ಟಲಿಲ್ಲ. ವಾಸನೆ ಬಲವಾಗಿರುವುದನ್ನು ಬೆಚ್ಚಗೆ ಮಾಡಿ ಕೊಡಿ, ಮೀನು ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ಮೀನು ಬೇಯದ ಮನೆ ಅದು. ಹಬೆಯಲ್ಲಿ ಗಂಟೆಗಟ್ಟಲೆ ಕುಳಿತುಕೊಳ್ಳುವುದಕ್ಕಿಂತ ಈ ಒಂದು ಮಾತೇ ಅಜ್ಜಿಗೆ ಭಾರವಾಯಿತು. ಒಂದು ರಾತ್ರಿ ಯೋಚಿಸಿದರು. ಬೆಳಿಗ್ಗೆ ಮೊಮ್ಮಗನನ್ನು ಕಳುಹಿಸಿ ವೈಗೈ ಅಣೆಕಟ್ಟಿನ ಜಿಲೇಬಿ ಮೀನು ಒಂದನ್ನು ತರಿಸಿದರು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಡಬ್ಬಿಯಲ್ಲಿ ಉಪ್ಪು ಖಾರವಿಲ್ಲದೆ ಬೇಯಿಸುವುದನ್ನು ದೂರದಿಂದ ಹೇಳಿಕೊಟ್ಟರು. ಮುಳ್ಳು ಬಿಡಿಸಿದ ಬೆಚ್ಚನೆಯ ಚೂರನ್ನು ಹುಡುಗ ಮೂಗಿನ ಹತ್ತಿರ ಹಿಡಿದಾಗ ಬೆಕ್ಕು ಮೊದಲು ಅವನ ಬೆರಳನ್ನು ನೆಕ್ಕಿತು, ಬಳಿಕ ಚೂರನ್ನು ತಿಂದಿತು. ಸಂಜೆಯ ಹೊತ್ತಿಗೆ ಅರ್ಧ ಮೀನು ಮುಗಿದಿತ್ತು. ಆ ಡಬ್ಬಿಯನ್ನು ಬಿಸಾಡಬಾರದೆಂದು ಅಜ್ಜಿಯೇ ಹೇಳಿದರು.

ಮನೆಯ ಆರೈಕೆಗೂ ಒಂದು ಎಲ್ಲೆಯಿದೆ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ, ಹೊಟ್ಟೆಯ ಪಕ್ಕೆಗಳು ಎಳೆದು ಬಿಡತೊಡಗಿದರೆ, ಕಣ್ಣಿನ ಪಾಪೆ ಮಬ್ಬಾದರೆ ಹಬೆ ಹಿಡಿಯುತ್ತ ಕೂರಬಾರದು. ಆ ಕ್ಷಣವೇ ವೈದ್ಯರ ಬಳಿ ಒಯ್ಯಬೇಕು.

ಈ ವೈರಸ್‌ಗಳು ಮನುಷ್ಯರಿಗೆ ಅಂಟುವುದಿಲ್ಲ, ಬೇರೆ ಬೆಕ್ಕುಗಳಿಗೆ ಅಂಟುತ್ತವೆ. ಬೀದಿಯ ಮರಿಗಳಿಗೆ ಎಂಟು ವಾರ ತುಂಬುವ ಹೊತ್ತಿಗೆ ಲಸಿಕೆ ಆರಂಭಿಸಬಹುದೆಂದು ವೈದ್ಯರು ಹೇಳಿದ್ದರಿಂದ, ನೆರೆಮನೆಯ ಎರಡು ಮರಿಗಳು ಅದೇ ನೂಲಿನ ಬುಟ್ಟಿಯಲ್ಲಿ ಹೋಗಿಬಂದವು. ಹರ್ಪಿಸ್ ಒಮ್ಮೆ ಹೊಕ್ಕರೆ ಜೀವಮಾನವಿಡೀ ಮೈಯೊಳಗೆ ಅಡಗಿರುತ್ತದೆ. ಪ್ರಾಣಿ ಬೆದರಿದಾಗ, ದಣಿದಾಗ ಮತ್ತೆ ತಲೆಯೆತ್ತುತ್ತದೆ. ದೀಪಾವಳಿಯ ಪಟಾಕಿಯ ರಾತ್ರಿ ಮಗ್ಗದ ಅಡಿಯಿಂದ ಎರಡು ಸೀನು ಕೇಳಿಸಿತು. ಅಜ್ಜಿ ಎದ್ದು ಹಂಡೆಗೆ ನೀರು ತುಂಬಿದರು.