ಸಮದುಃಖಿಗಳ ಸಂಗ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯು ಸೂಳೆಕೆರೆಯ ನೆರೆಯಲ್ಲಿರುವ ಗ್ರಾಮ. ಶಾಂತಿಸಾಗರವೆಂಬ ಮತ್ತೊಂದು ಹೆಸರುಳ್ಳ ಆ ವಿಶಾಲ ಜಲರಾಶಿಯೂ ಅದರ ಆಸರೆಯ ಅಡಕೆ ತೋಟಗಳೂ ಭತ್ತದ ಗದ್ದೆಗಳೂ ಈ ಸೀಮೆಯ ಸಿರಿ. ಕೆರೆಯ ಮಗ್ಗುಲಲ್ಲಿ ಬಾಳುವವರು ಒಂದು ಸತ್ಯವನ್ನು ಬಲ್ಲರು: ಏರಿಯಲ್ಲೆದ್ದ ಸೋರಿಕೆಯನ್ನು ಮರೆಮಾಚಿದವನು ಊರನ್ನೇ ಮುಳುಗಿಸುತ್ತಾನೆ, ಕೂಗಿ ಹೇಳಿದವನ ನೆರವಿಗೆ ಹತ್ತು ಮನೆಯ ಮಣ್ಣಿನ ಬುಟ್ಟಿಗಳು ಬರುತ್ತವೆ.

ಈ ಸೀಮೆಯ ಗೃಹಸ್ಥನೊಬ್ಬನ ಬಾಳಿನಲ್ಲಿಯೂ ಅಂತಹ ಸೋರಿಕೆಯೊಂದು ಎದ್ದಿತ್ತು. ದಣಿವಾರಿಸಲೆಂದು ಸಂಜೆಯ ಹೊತ್ತು ಆರಂಭವಾದ ಮದ್ಯಪಾನವು ಕೆಲವೇ ವರ್ಷಗಳಲ್ಲಿ ಪ್ರಾತಃಕಾಲದ ಅಗತ್ಯವಾಗಿ ಪರಿಣಮಿಸಿತು. ಕೊಯ್ಲಿಗೆ ಮುನ್ನವೇ ಖೇಣಿದಾರನಿಂದ ಪಡೆದ ಮುಂಗಡವು ಅಂಗಡಿಯ ಪಾಲಾಯಿತು. ಮಡದಿಯ ಕೊರಳ ಸರ ಅಡವಿಗೆ ಹೋಯಿತು. ಹಿರಿಯರು ಬುದ್ಧಿ ಹೇಳಿದರು, ಬಂಧುಗಳು ಗದರಿದರು. ಕರಸ್ಥಲದ ಲಿಂಗದ ಮೇಲೆ ಆಣೆಯಿಟ್ಟು ಮೂರು ದಿನ ಕಳೆದು, ನಾಲ್ಕನೆಯ ದಿನ ಮತ್ತೆ ಎಡವಿದನು. ಮುರಿದ ಪ್ರತಿಯೊಂದು ಆಣೆಯೂ ಆತನನ್ನು ಇನ್ನಷ್ಟು ಕತ್ತಲಿಗೆ ನೂಕಿತು. ಕಡೆಗೊಮ್ಮೆ ಶಾಲೆಯ ವಾರ್ಷಿಕೋತ್ಸವಕ್ಕೆ ಆತನ ಮಗಳು ತಂದೆಯನ್ನು ಬಿಟ್ಟು ಸೋದರಮಾವನನ್ನು ಕರೆದಳು. ಯಾರ ಉಪದೇಶಕ್ಕೂ ಬಗ್ಗದ ಎದೆ ಅಂದು ಬಿರಿಯಿತು.

ಮರುದಿನ ಆತ ಆಸ್ಪತ್ರೆಯ ಮೆಟ್ಟಿಲು ಹತ್ತಿದನು. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಮೂರ್ಛೆ, ಚಿತ್ತಭ್ರಮಣೆಗಳು ತಲೆದೋರಿ ಪ್ರಾಣಾಪಾಯವೂ ಸಂಭವಿಸಬಹುದಾದ್ದರಿಂದ, ಬಿಡುವ ಕಾರ್ಯವು ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯತಕ್ಕದ್ದು. ಚಿಕಿತ್ಸೆ ಮುಗಿದಾಗ ವೈದ್ಯರು, "ಮೈಯೊಳಗಿನ ವಿಷವನ್ನು ಔಷಧ ಇಳಿಸಿದೆ. ಇನ್ನು ನಿಮ್ಮಂತೆಯೇ ಕುಡಿದು ಬಿಟ್ಟವರ ಜೊತೆ ವಾರಕ್ಕೊಮ್ಮೆ ಕುಳಿತುಕೊಳ್ಳಿ" ಎಂದರು. ಆದರೆ ಅಂತಹವರನ್ನು ಎಲ್ಲಿ ಹುಡುಕುವುದು? ವಿಚಾರಿಸಿದರೆ ತನ್ನ ವ್ಯಸನವನ್ನು ತಾನೇ ಡಂಗುರ ಹೊಡೆದಂತಾಗುವುದಿಲ್ಲವೇ? ಈ ಸಂಕೋಚ ಆತನನ್ನು ತಿಂಗಳೊಪ್ಪತ್ತು ಕಾಡಿತು.

ಇಂತಹ ಹುಡುಕಾಟಕ್ಕೆ ಒಂದು ಇತಿಹಾಸವೇ ಇದೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಅಕ್ರನ್ ನಗರದ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬಾತ ವ್ಯವಹಾರದಲ್ಲಿ ಸೋತು ಏಕಾಂಗಿಯಾಗಿ ನಿಂತಿದ್ದನು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಆತನನ್ನು ಪಕ್ಕದ ಪಾನಗೃಹ ಸೆಳೆಯುತ್ತಿತ್ತು. ಆತ ಅತ್ತ ಹೋಗದೆ, ತನ್ನಂತೆಯೇ ನರಳುವ ಇನ್ನೊಬ್ಬನನ್ನು ಅರಸಿ ದೂರವಾಣಿಯ ಮೊರೆಹೊಕ್ಕನು. ಹಾಗೆ ದೊರೆತವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಅವರಿಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವು ಜನ್ಮ ತಾಳಿತು. 1957ರಲ್ಲಿ ಭಾರತಕ್ಕೂ ಬಂದಿತು. ಅಲ್ಲಿ ಶುಲ್ಕವಿಲ್ಲ, ಕುಲಗೋತ್ರಗಳನ್ನು ಕೇಳುವವರಿಲ್ಲ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಪ್ರವೇಶಕ್ಕೆ ಅರ್ಹತೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಅಲ್ಲಿಯ ಮರ್ಯಾದೆ.

ಕನ್ನಡನಾಡೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಮನೆಮನೆಯಲ್ಲಿ ಬೇಡಿದ್ದು ದುಶ್ಚಟಗಳ ಭಿಕ್ಷೆಯನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುತ್ತವೆ. ಅಲ್ಲಿಂದ ಹೊರಬಂದವರು ನವಜೀವನ ಸಮಿತಿಗಳಲ್ಲಿ ಕಲೆತು ಒಬ್ಬರನ್ನೊಬ್ಬರು ಕಾಯುತ್ತಾರೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಗುಟ್ಟು ಬಿಡದೆ ದಾರಿ ತೋರುವವರಿದ್ದಾರೆ.

ಆ ಗೃಹಸ್ಥನಿಗೂ ಕೊನೆಗೆ ಒಂದು ಸಭೆಯ ಸುಳಿವು ದೊರೆಯಿತು. ಬಸ್ಸು ಹಿಡಿದು ಹೋದವನು ಮೊದಲ ವಾರ ಬಾಗಿಲವರೆಗೆ ನಡೆದು, ಒಳಗಿನ ದನಿ ಕೇಳಿ ಹಿಂದಿರುಗಿದನು. ಎರಡನೆಯ ವಾರ ಹೊಸ್ತಿಲ ಬಳಿ ತಡೆದು ನಿಂತಾಗ ಕೂಲಿಕಾರನಂತೆ ತೋರುವ ವೃದ್ಧನೊಬ್ಬನು ಎದ್ದು ಬಂದು, "ಒಳಗೆ ಬನ್ನಿ ಯಜಮಾನ್ರೆ. ನಾನೂ ಮೂರು ಸಲ ವಾಪಸ್ ಹೋದೋನೇ" ಎಂದನು. ಆ ಒಂದು ಮಾತು ಆಣೆ ಪ್ರಮಾಣಗಳಿಂದ ಆಗದ ಕೆಲಸವನ್ನು ಮಾಡಿತು. ಗುರುಹಿರಿಯರ ಬೋಧೆ ಸತ್ಯವಾದರೂ ಅದು ಮೇಲಿನಿಂದ ಇಳಿದು ಬರುವಂಥದು. ಬಿದ್ದು ಎದ್ದವನ ಕೈ ಪಕ್ಕದಿಂದ ಚಾಚಿಕೊಳ್ಳುತ್ತದೆ. ನಾಚಿಕೆಯಿಂದ ಕುಗ್ಗಿದವನು ಹಿಡಿಯಬಲ್ಲದ್ದು ಆ ಕೈಯನ್ನೇ. ವೃದ್ಧನಿಗೆ ಒಂದು ಕಾಲದಲ್ಲಿ ಅಪಮಾನವಾಗಿದ್ದುದು ಇಂದು ಪರೋಪಕಾರದ ಬಂಡವಾಳವಾಗಿತ್ತು.

ಇದಾಗಿ ವರ್ಷ ಸಂದಿದೆ. ನಡುವೆ ಒಮ್ಮೆ ಜಾರಿದಾಗ ಆತ ಅಡಗಿ ಕೂರದೆ ಸಭೆಗೇ ಹೋಗಿ ಹೇಳಿಕೊಂಡನು, ಯಾರೂ ನಗಲಿಲ್ಲ. 'ಇಂದು ಒಂದು ದಿನ ಕುಡಿಯಲಾರೆ' ಎಂಬುದಷ್ಟೇ ಆತನ ಈಗಿನ ವ್ರತ. ಮಗಳ ಆಹ್ವಾನ ಇನ್ನೂ ಬಂದಿಲ್ಲ; ಅದನ್ನು ಕೇಳಿ ಪಡೆಯಲು ಆತನಿಗೆ ಮನಸ್ಸಿಲ್ಲ. ಸಭೆಯಲ್ಲಿ ಆತ ಕೂರುವುದು ಬಾಗಿಲ ಬಳಿ, ಹೊಸಬರು ಹಿಂದಿರುಗದಿರಲೆಂದು.

ವಿದ್ಯಾಸಂಸ್ಥೆಯನ್ನು ಬೆಳೆಸಿದ ದಾನಿಗಳೂ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಇಲ್ಲಿ ಚಿಂತಿಸಬೇಕಾದ ಅಂಶವೊಂದಿದೆ. ಸಂಜೆಯ ಗಂಟೆ ಬಾರಿಸಿದ ಮೇಲೆ ತರಗತಿಯ ಕೊಠಡಿಗಳು ಬರಿದಾಗಿರುತ್ತವೆ. ವಾರಕ್ಕೊಂದು ಸಂಜೆ, ಒಂದು ಕೊಠಡಿ, ಒಂದು ದೀಪ, ಹತ್ತು ಬೆಂಚು: ಇಂತಹ ಸಭೆಗೆ ಇದಕ್ಕಿಂತ ಹೆಚ್ಚಿನದು ಬೇಡ. ಬೆಳಗ್ಗೆ ಮಕ್ಕಳು ಅಕ್ಷರ ಕಲಿಯುವ ಬೆಂಚಿನ ಮೇಲೆ ಸಂಜೆ ಅವರ ತಂದೆಯರು ಬದುಕನ್ನು ಮರಳಿ ಕಲಿತರೆ, ವಿದ್ಯಾದಾನಕ್ಕೆ ಅದರಿಂದ ಕುಂದೇನೂ ಬಾರದು.