ಯಾರ ಪೈಕಿ?

ಊರಿಗೆ ಹೊಸಬರು ಬಂದರೆ ನಮ್ಮಜ್ಜಿ ಹೆಸರು ಕೇಳುತ್ತಿರಲಿಲ್ಲ. "ಯಾರ ಪೈಕಿ ಮಗಾ ನೀನು?" ಎನ್ನುತ್ತಿದ್ದಳು. ಈಗ ಕಾಂಪೌಂಡ್ ಗೋಡೆಯ ಮುಂದೆ ಭೂತಗನ್ನಡಿ ಹಿಡಿದು ಕುಕ್ಕರಗಾಲಲ್ಲಿ ಕೂತು, ಜಿಗಿಯುವ ಜೇಡಗಳನ್ನು ನಾನೂ ಅದನ್ನೇ ಕೇಳುತ್ತೇನೆ.

ಬೇರೆ ಹುಳುಗಳನ್ನು ನಾವು ನೋಡಬೇಕು. ಇದು ತಿರುಗಿ ನಮ್ಮನ್ನೇ ನೋಡುತ್ತದೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಲಾರಿಯ ಹೆಡ್‌ಲೈಟಿನಂಥವು. ಬಲೆ ಕಟ್ಟಿ ಬೇಟೆ ಕಾಯುವ ಜಾಯಮಾನ ಇದರದಲ್ಲ. ಗೋಡೆಗೊಂದು ನೂಲು ಅಂಟಿಸಿ, ಹಿಂಗಾಲಿಗೆ ದೇಹದ ದ್ರವ ಒತ್ತಿ, ಚಂಗನೆ ಹಾರುತ್ತದೆ. ಗುರಿ ತಪ್ಪಿದರೆ ನೇತಾಡಲು ನೂಲಿದೆ.

"ಹೆಸರು ಗೊತ್ತಾಯ್ತೇನ್ರೀ?" ಒಳಗಿನಿಂದ ಮನೆಯಾಕೆಯ ದನಿ.

"ಗಂಡೋ ಹೆಣ್ಣೋ ಅನ್ನೋದೇ ಗೊತ್ತಾಗಿಲ್ಲ ಮಾರಾಯ್ತಿ!"

ಬಣ್ಣ ನಂಬಿ ಕೆಟ್ಟವರು ಬಹಳ. ಯಾರ ಪೈಕಿ ಎಂಬ ಗುಟ್ಟಿರುವುದು ಗಂಡಿನ ಬಾಯ ಪಕ್ಕದ ಎರಡು ಪುಟ್ಟ ಕೈಗಳ ತುದಿಯಲ್ಲಿ, ಹೆಣ್ಣಿನ ಹೊಟ್ಟೆಯಡಿಯಲ್ಲಿ. ಅಲ್ಲಿನ ಕೊಕ್ಕೆ, ಉಬ್ಬು, ಸುರುಳಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಬರೆದು, ಅಳಿಸಿ, ಮತ್ತೆ ಬರೆಯಬೇಕು. ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಕುಟುಂಬವಿದು. ಹೊಸ ಪ್ರಭೇದ ಸಿಕ್ಕರೆ ಮನೆಯಲ್ಲಿ ಕೂಸು ಹುಟ್ಟಿದಂತೆ. ಹೊಸ ಕುಲವೆಂದರೆ ಮನೆಯೇ ಹಿಸ್ಸೆಯಾದಂತೆ.

2024ರಲ್ಲಿ ಅಂಥದೊಂದು ಹಿಸ್ಸೆ ನಡೆಯಿತು. ಜೇಡ ಸಂಶೋಧಕರಾದ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಸಂಗಡಿಗರು ಅಂಗರಚನೆಯನ್ನೂ ಡಿಎನ್‌ಎಯನ್ನೂ ತಾಳೆ ನೋಡಿದರು. ಕೊಲೋಪ್ಸಸ್ ಎಂಬ ಕುಲದ ಮನೆಯಲ್ಲಿದ್ದ ಎರಡು ಜೇಡಗಳು ಆ ಮನೆಯವಲ್ಲವೆಂದು ಕಂಡಿತು. ಅವನ್ನು ಹೊರತೆಗೆದು, ಕರ್ನಾಟಕದ ಹೊಸದೊಂದನ್ನು ಜತೆಗೂಡಿಸಿ, ಬೇರೆ ಒಲೆ ಹೂಡಿದರು. ನಡತೆಯೂ ಹಿಸ್ಸೆಗೆ ಸಾಕ್ಷಿ ನುಡಿಯಿತು: ದಾಯಾದಿಗಳು ಸಾಮಾನ್ಯವಾಗಿ ಮಳೆಕಾಡಿನವು, ಇವಕ್ಕೆ ಒಣನೆಲವೇ ಇಷ್ಟ.

ಹೊಸ ಮನೆತನದ ಹೆಸರು 'ತೆಂಕಣ'. ದಕ್ಷಿಣ ಭಾರತ, ಶ್ರೀಲಂಕಾಗಳ ಈ ಜೇಡಗಳಿಗೆ ಅಚ್ಚಗನ್ನಡದ ದಿಕ್ಕು! ಪಂಪನಿಗೆ ಬನವಾಸಿಯನ್ನು ನೆನಪಿಸಿದ ಗಾಳಿ ಬೀಸಿದ್ದೂ ಅಲ್ಲಿಂದಲೇ. ಮೂರರಲ್ಲಿ ಒಂದು 'ಮನು'. ಉಳಿದೆರಡು 'ಅರ್ಕಾವತಿ', 'ಜಯಮಂಗಲಿ'. ನಂದಿಬೆಟ್ಟದಲ್ಲೊಂದು, ದೇವರಾಯನದುರ್ಗದಲ್ಲೊಂದು ಹುಟ್ಟುವ ಬಯಲುಸೀಮೆಯ ನದಿಗಳ ಹೆಸರುಗಳವು. ಬೇಸಿಗೆಯಲ್ಲಿ ಅವುಗಳ ಪಾತ್ರದಲ್ಲಿ ಮರಳೇ ಕಂಡರೂ, ದಡದ ಸೀಮೆಯ ಜೇಡ ಹೆಸರನ್ನು ಹೊತ್ತು ಹಾರುತ್ತಿರುತ್ತದೆ.

ನನ್ನ ಗೋಡೆಯದು ತೆಂಕಣದ ಪೈಕಿಯೇ? ಭೂತಗನ್ನಡಿ ಇನ್ನೊಂದಿಷ್ಟು ಹತ್ತಿರ ಒಯ್ದೆ. ಅದು ನನ್ನನ್ನು ದಿಟ್ಟಿಸಿತು. ಬಹುಶಃ ಅದೂ ಅದನ್ನೇ ಕೇಳುತ್ತಿತ್ತು. ಉತ್ತರ ಹೊಳೆಯುವಷ್ಟರಲ್ಲಿ ಕಾಫಿ ಲೋಟದ ಅಂಚಿಗೆ ಜಿಗಿದಿತ್ತು.